ಒದ್ದೆ ಮಣ್ಣಲ್ಲೇ ಬಾಡುವ ಆಂಥೂರಿಯಂ: ದೋಷ ಹುಡುಕುವುದು ಹೇಗೆ, ಗಿಡ ಉಳಿಸುವುದು ಹೇಗೆ

ಕುಂಡದ ಮಣ್ಣು ಒದ್ದೆಯಾಗಿದೆ. ಆದರೂ ಎಲೆಗಳು ಜೋತು ಬಿದ್ದಿವೆ. ನಿಮ್ಮ ಆಂಥೂರಿಯಂ ಗಿಡದ ಕಥೆ ಇದೇ ಆಗಿದ್ದರೆ ಮೊದಲು ಕೈಯಲ್ಲಿರುವ ಚೊಂಬು ಕೆಳಗಿಡಿ. ಗೊಬ್ಬರದ ಪೊಟ್ಟಣವನ್ನೂ ಇಡಿ. ಔಷಧಿ ಹೊಡೆಯುವ ಯೋಚನೆ ಇದ್ದರೆ ಅದನ್ನೂ ಸದ್ಯಕ್ಕೆ ಬಿಡಿ.

ನಮ್ಮ ಮನೆ ನಾಪೋಕ್ಲು ಕಡೆ. ವರಾಂಡದ ಉದ್ದಕ್ಕೂ ಅಮ್ಮನ ಆಂಥೂರಿಯಂ ಕುಂಡಗಳು. ಕೊಡಗಿನಲ್ಲಿ ಆಂಥೂರಿಯಂ ಇಲ್ಲದ ವರಾಂಡ ಹುಡುಕುವುದೇ ಕಷ್ಟ ಅಲ್ವಾ. ಅದರಲ್ಲಿ ಒಂದು ಹಳೇ ಕೆಂಪು ಗಿಡ, ವರ್ಷವಿಡೀ ಹೂ ಬಿಡುತ್ತಿತ್ತು. ಒಂದು ಜುಲೈಯಲ್ಲಿ ಅದರ ಎಲೆಗಳು ಒಂದೊಂದಾಗಿ ತಲೆ ತಗ್ಗಿಸಿದವು. ಬಾಡಿದೆ ಅಂದರೆ ಬಾಯಾರಿದೆ ಅಂದುಕೊಂಡು ಅಮ್ಮ ಬೆಳಿಗ್ಗೆ ಒಂದು ಚೊಂಬು ನೀರು ಹಾಕಿದರು, ಅವರು ಹಾಕಿದ್ದು ಗೊತ್ತಿಲ್ಲದೆ ಸಂಜೆ ನಾನೊಂದು ಚೊಂಬು ಹಾಕಿದೆ, ಮಧ್ಯೆ ಬಂದ ನೆಂಟರೊಬ್ಬರು ಸಗಣಿ ನೀರು ಹಾಕಿದರೆ ಸರಿ ಹೋಗುತ್ತದೆ ಅಂದರು, ಅದನ್ನೂ ಹಾಕಿದೆವು. ಹೊರಗೆ ನೋಡಿದರೆ ಧಾರಾಕಾರ ಮಳೆ! ಎರಡು ವಾರಕ್ಕೆ ಮತ್ತೆ ಮೂರು ಎಲೆ ಹಳದಿಯಾದವು. ಕೊನೆಗೆ ಕುಂಡ ಮಗುಚಿ ಗಿಡ ಹೊರಗೆ ತೆಗೆದೆ. ಗದ್ದೆಯ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಒಂದು ಬೇರು ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಾಲ್ಚೀಲದ ಹಾಗೆ ಜಾರಿ ಬಂತು, ಒಳಗಿನ ನಾರು ಮಾತ್ರ ಉಳಿಯಿತು.

ಆ ಗಿಡ ಬಾಯಾರಿರಲಿಲ್ಲ. ಮುಳುಗುತ್ತಿತ್ತು.

ತಪ್ಪಾದದ್ದು ಎಲ್ಲಿ ಅಂತ ಆಮೇಲೆ ಯೋಚಿಸಿದೆ. ಆಂಥೂರಿಯಂ ನೋಡಲು ಕೆಸುವಿನ ಹಾಗೆ. ನಿಜಕ್ಕೂ ಅದೇ ಕುಟುಂಬದ ಗಿಡ. ಕೆಸುವಿನಲ್ಲಿ ಬಾಯಿ ತುರಿಸುವ ಆಕ್ಸಲೇಟ್ ಹರಳುಗಳಿವೆಯಲ್ಲ, ಆಂಥೂರಿಯಂ ಎಲೆಯಲ್ಲೂ ಅವೇ ಇವೆ. ಅದಕ್ಕೇ ಮಕ್ಕಳು, ನಾಯಿ, ಬೆಕ್ಕು ಇದನ್ನು ಕಚ್ಚದ ಹಾಗೆ ನೋಡಿಕೊಳ್ಳಬೇಕು. ಕೆಸು ಗದ್ದೆ ಬದಿಯ ನೀರಲ್ಲಿ, ತೋಡಿನ ಅಂಚಲ್ಲಿ ಸೊಂಪಾಗಿ ಬೆಳೆಯುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಇದಕ್ಕೂ ನೀರು ಬೇಕು ಅಂತ ಮನಸ್ಸು ಹೇಳುತ್ತದೆ. ಆದರೆ ಇದರ ಮೂಲ ಕೊಲಂಬಿಯಾ, ಈಕ್ವೆಡಾರ್‌ನ ಮಳೆಕಾಡು. ಅಲ್ಲಿ ಇದು ಹೆಚ್ಚಾಗಿ ಮರಗಳ ಮೇಲೆ, ಪಾಚಿ ಮತ್ತು ಉದುರಿದ ಎಲೆಗಳ ಮಧ್ಯೆ ಬೇರು ಬಿಟ್ಟು ಬದುಕುತ್ತದೆ. ಮಳೆ ಬಂದಾಗ ಬೇರು ನೆನೆಯುತ್ತದೆ, ನೀರು ಇಳಿದು ಹೋಗುತ್ತದೆ, ಮತ್ತೆ ಗಾಳಿ ಆಡುತ್ತದೆ. ನಮ್ಮ ತೋಟದ ಹಲಸಿನ ಮರದ ಮೇಲೆ ಸೀತಾಳೆ ದಂಡೆ, ಅಂದರೆ ಕಾಡು ಆರ್ಕಿಡ್, ಹೇಗಿರುತ್ತದೆ ನೋಡಿ. ಜೂನ್, ಜುಲೈ ಇಡೀ ಮಳೆಯಲ್ಲಿ ನೆಂದರೂ ಅದಕ್ಕೇನೂ ಆಗುವುದಿಲ್ಲ. ಅದೇ ಗಿಡವನ್ನು ತಂದು ಮಣ್ಣು ತುಂಬಿದ ಬಕೆಟ್‌ನಲ್ಲಿ ಹೂತರೆ ಒಂದೇ ಮಳೆಗಾಲಕ್ಕೆ ಸತ್ತೇ ಹೋಗುತ್ತದೆ. ಆಂಥೂರಿಯಂ ರೂಪದಲ್ಲಿ ಕೆಸು, ನಡತೆಯಲ್ಲಿ ಸೀತಾಳೆ.

ಇನ್ನು ಮಣ್ಣು. ನಾವು ಹಾಕಿದ್ದು ಕಾಫಿ ಸಸಿಯ ಬ್ಯಾಗಿಗೆ ಕಲಸಿ ಉಳಿದಿದ್ದ ಮಣ್ಣು. 6 ಪಾಲು ಕಾಡುಮಣ್ಣು, 2 ಪಾಲು ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು. ಕಾಫಿಗೆ ಅದು ಚಿನ್ನ, ಯಾಕೆಂದರೆ ಕಾಫಿ ನೆಲದ ಗಿಡ. ಆಂಥೂರಿಯಂಗೆ ಅದು ಕೆಸರು. ಒಳಗಿನ ಸಣ್ಣ ಸಣ್ಣ ಸಂದುಗಳಲ್ಲಿ ನೀರು ನಿಂತರೆ ಗಾಳಿಗೆ ಜಾಗವೇ ಇಲ್ಲ. ನೀರಿನೊಳಗೆ ಆಮ್ಲಜನಕ ಸಾಗುವ ವೇಗ ಗಾಳಿಯಲ್ಲಿ ಸಾಗುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಉಸಿರು ಕಟ್ಟಿದ ಬೇರು ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಎಲೆಗೆ ನೀರು ಬರುವುದಿಲ್ಲ, ಎಲೆ ಬಾಡುತ್ತದೆ, ನಾವು ಮತ್ತಷ್ಟು ಸುರಿಯುತ್ತೇವೆ. ಅಷ್ಟರಲ್ಲಿ ಪಿಥಿಯಂ, ಫೈಟಾಫ್ತೊರಾ ಅನ್ನುವ ಶಿಲೀಂಧ್ರದಂಥ ಜೀವಿಗಳು ಬಂದು ಸೇರುತ್ತವೆ. ಫೈಟಾಫ್ತೊರಾ ಹೆಸರು ಕೇಳಿದ ಹಾಗಿದೆ ಅನ್ನಿಸಿತಾ? ನಮ್ಮ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ತರುವುದೂ ಅದೇ ಬಳಗದ್ದು. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ನೀರು ನಿಂತ ಕುಂಡ ಅಂದರೆ ಅವಕ್ಕೆ ಕೆರೆ ಇದ್ದ ಹಾಗೆ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಕುಂಡ ಎಲ್ಲಿ ಒಣಗುತ್ತದೆ? ಬಿಸಿಲೂ ಇಲ್ಲ. ಬೆಳಕು ಕಡಿಮೆಯಾದಾಗ, ಗಾಳಿಯಲ್ಲೇ ತೇವ ತುಂಬಿರುವಾಗ ಗಿಡ ಕುಡಿಯುವ ನೀರೂ ಕಡಿಮೆ. ಮಾರ್ಚ್‌ನಲ್ಲಿ ಮೂರು ದಿನಕ್ಕೆ ಖಾಲಿಯಾಗುವ ನೀರು ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಹದಿನೈದು ದಿನ ಹಾಗೇ ಕೂತಿರುತ್ತದೆ.

ಈಗ ಪರೀಕ್ಷೆ

ಮೊದಲು ಕುಂಡ ಎತ್ತಿ ನೋಡಿ. ಅದೇ ಅಳತೆಯ ಚೆನ್ನಾಗಿರುವ ಕುಂಡ ಪಕ್ಕದಲ್ಲಿದ್ದರೆ ಅದನ್ನೂ ಎತ್ತಿ. ಬಾಡಿದ ಗಿಡದ ಕುಂಡವೇ ಭಾರ ಇದ್ದರೆ ಅರ್ಧ ಉತ್ತರ ಸಿಕ್ಕಿದಂತೆ. ಆಮೇಲೆ ಉರಿದು ಮುಗಿದ ಅಗರಬತ್ತಿಯ ಕಡ್ಡಿಯನ್ನು ಅಂಚಿನ ಹತ್ತಿರ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮೂಸಿ. ಕಾಡಿನ ಎಲೆಗೊಬ್ಬರದ ವಾಸನೆ ಇದ್ದರೆ ಒಳ್ಳೆಯದು. ಚರಂಡಿ ವಾಸನೆ ಇದ್ದರೆ ಬೇರು ಕೊಳೆತಿದೆ. ಮೇಲಿನ ಒಂದಿಂಚು ಮಣ್ಣು ಮುಟ್ಟಿ ತೀರ್ಮಾನ ಮಾಡಬೇಡಿ, ಅದು ಒಣಗಿದ್ದರೂ ತಳದಲ್ಲಿ ಕೆಸರು ಇರಬಹುದು. ಕುಂಡದ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೆ ಅದೂ ಸಾಕ್ಷಿಯೇ. ಅವು ಒಣಗದ ಮಣ್ಣಲ್ಲಿ ಮೊಟ್ಟೆ ಇಡುತ್ತವೆ.

ನೀರು ಎಲ್ಲಿಂದ ಬರುತ್ತಿದೆ ಅಂತಲೂ ನೋಡಿ. ನೀವು ನೀರು ಹಾಕದೇ ಇದ್ದರೂ ಕುಂಡಕ್ಕೆ ನೀರು ಬೀಳುತ್ತಿರಬಹುದು. ಹೆಂಚಿನ ಸೂರಿನ ನೀರು ನೇರ ಕುಂಡಕ್ಕೆ ಬೀಳುತ್ತಿದೆಯಾ? ಗಾಳಿ ಜೋರಾದಾಗ ಇರಚಲು ವರಾಂಡದ ಒಳಗೆ ಎಲ್ಲಿಯವರೆಗೆ ಬರುತ್ತದೆ? ನಮ್ಮ ಮನೆಯಲ್ಲಿ ಮೊದಲ ಎರಡು ಕುಂಡಗಳಿಗೆ ಮಾತ್ರ ಇರಚಲು ತಾಗುತ್ತಿತ್ತು. ಕೊಳೆತದ್ದೂ ಆ ಎರಡೇ. ಇನ್ನೊಂದು, ಚಂದ ಕಾಣಲಿ ಅಂತ ಪ್ಲಾಸ್ಟಿಕ್ ಕುಂಡವನ್ನು ಪಿಂಗಾಣಿ ಕುಂಡದೊಳಗೆ ಇಡುತ್ತೇವಲ್ಲ, ಆ ಹೊರಗಿನ ಕುಂಡಕ್ಕೆ ತೂತು ಇರುವುದಿಲ್ಲ. ಎತ್ತಿ ನೋಡಿದರೆ ತಳದಲ್ಲಿ ನಾಲ್ಕು ಬೆರಳು ನೀರು, ಅದರಲ್ಲಿ ಸೊಳ್ಳೆ ಮರಿಗಳು.

ಇಷ್ಟಾದ ಮೇಲೂ ಅನುಮಾನ ಇದ್ದರೆ ಗಿಡ ಹೊರಗೆ ತೆಗೆದೇ ನೋಡಿ. ಹೆದರಬೇಡಿ, ಹುಷಾರಾಗಿ ತೆಗೆದರೆ ಗಿಡ ಸಾಯುವುದಿಲ್ಲ, ನೋಡದೇ ಬಿಟ್ಟರೆ ಸಾಯುತ್ತದೆ. ಒಳ್ಳೆಯ ಬೇರು ಬಿಳಿ ಅಥವಾ ಕೆನೆ ಬಣ್ಣ, ಹಿಸುಕಿದರೆ ಗಟ್ಟಿ. ಕೊಳೆತದ್ದು ಕಂದು, ಮೆತ್ತಗೆ, ಸಿಪ್ಪೆ ಜಾರುತ್ತದೆ. ಬೇರೆಲ್ಲ ಬೆಳ್ಳಗೆ ಗಟ್ಟಿಯಾಗಿದ್ದರೆ ನಿಮ್ಮ ಗಿಡದ ಸಮಸ್ಯೆ ಬೇರೆ, ಕೆಳಗೆ ಬರೆದಿದ್ದೇನೆ, ಅಲ್ಲಿಗೆ ಹೋಗಿ.

ಬೇರು ಕೊಳೆತಿದ್ದರೆ

ಮಣ್ಣನ್ನೆಲ್ಲ ಉದುರಿಸಿ, ಬೇರನ್ನು ಹರಿಯುವ ನೀರಲ್ಲಿ ತೊಳೆಯಿರಿ. ಬ್ಲೇಡ್ ಅಥವಾ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ, ಇಲ್ಲವೇ ಬೆಂಕಿಯಲ್ಲಿ ತೋರಿಸಿ. ಕೊಳೆತ ಬೇರನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಇಲ್ಲಿ ಕರುಣೆ ತೋರಿಸಬಾರದು. ಅರ್ಧ ಕೊಳೆತದ್ದು ಉಳಿದರೆ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಆಮೇಲೆ ಕಾಂಡದ ಬುಡವನ್ನು ಉಗುರಲ್ಲಿ ಒತ್ತಿ. ಗಟ್ಟಿ ಇದ್ದರೆ ಬಚಾವ್. ಮೆತ್ತಗಿದ್ದರೆ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬನ್ನಿ, ಕಂದು ಚುಕ್ಕೆ, ಕಂದು ಉಂಗುರ ಯಾವುದೂ ಇಲ್ಲದ ಶುಭ್ರವಾದ ಭಾಗ ಕಾಣುವವರೆಗೆ. ಗಾಯಕ್ಕೆ ಇದ್ದಿಲ ಪುಡಿ ಸವರಿ ಒಂದೆರಡು ಗಂಟೆ ಗಾಳಿಗೆ ಬಿಡಿ.

ಕೆಳಗಿನ ಬೇರು ಎಲ್ಲವೂ ಹೋಗಿದ್ದರೂ ಆಸೆ ಬಿಡಬೇಕಿಲ್ಲ. ಹಳೇ ಆಂಥೂರಿಯಂ ಕತ್ತು ಉದ್ದ ಮಾಡಿಕೊಂಡು ಮೇಲೆ ಹೋಗಿರುತ್ತದೆ, ಆ ಕಾಂಡದ ಮೇಲೆ ಗಂಟು ಗಂಟಾಗಿ ಗಾಳಿಬೇರುಗಳು ಬಂದಿರುತ್ತವೆ. ಎರಡು ಮೂರು ಗಾಳಿಬೇರು ಸೇರುವ ಹಾಗೆ ತಲೆ ಭಾಗವನ್ನು ಕತ್ತರಿಸಿ ನೆಟ್ಟರೆ ಅದೇ ಹೊಸ ಗಿಡ. ಉಳಿದ ಮೋಟು ಆರೋಗ್ಯವಾಗಿದ್ದರೆ ಎಸೆಯಬೇಡಿ, ಅದೂ ಚಿಗುರುತ್ತದೆ. ಅಮ್ಮನ ಗಿಡ ಉಳಿದದ್ದು ಹೀಗೆ.

ನೆಡುವ ಮಿಶ್ರಣಕ್ಕೆ ಅಂಗಡಿಗೆ ಓಡಬೇಡಿ. ತೆಂಗಿನ ಸಿಪ್ಪೆಯನ್ನು ಅರ್ಧ ಇಂಚಿನಿಂದ ಒಂದು ಇಂಚಿನ ಚೂರು ಮಾಡಿ. ಒಲೆಯ ಇದ್ದಿಲು ಒಂದಷ್ಟು, ಬೂದಿ ಝಾಡಿಸಿ ತೊಳೆದದ್ದು. ಒಡೆದ ಹೆಂಚಿನ ಚೂರು ಒಂದಷ್ಟು. ಕಾಲು ಭಾಗ ಕಾಡಿನ ಎಲೆಗೊಬ್ಬರ, ಅದಕ್ಕಿಂತ ಜಾಸ್ತಿ ಬೇಡ. ತೆಂಗಿನ ಸಿಪ್ಪೆಯನ್ನು ಮಾತ್ರ ನಾಲ್ಕೈದು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಕಂದು ನೀರು ತಿಳಿಯಾದ ಮೇಲೆ ಬಳಸಿ. ಅದರಲ್ಲಿನ ಟ್ಯಾನಿನ್ ಮತ್ತು ಉಪ್ಪು ಹೋಗಬೇಕು. ಗಿಡ ಅಷ್ಟು ದಿನ ಕಾಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ತೊಳೆದ ಇದ್ದಿಲು ಮತ್ತು ಹೆಂಚಿನ ಚೂರಲ್ಲೇ ತಾತ್ಕಾಲಿಕವಾಗಿ ನಿಲ್ಲಿಸಿ. ಕೋಕೋಪೀಟ್ ಅಂತ ಇಟ್ಟಿಗೆ ರೂಪದಲ್ಲಿ ಬರುತ್ತದಲ್ಲ, ಅದೊಂದನ್ನೇ ತುಂಬಬೇಡಿ. ಅದು ಸ್ಪಂಜು. ನಮ್ಮ ಮಳೆಗಾಲಕ್ಕೆ ಮಣ್ಣಿಗಿಂತಲೂ ಕಷ್ಟ.

ಕುಂಡ ಚಿಕ್ಕದಿರಲಿ. ಉಳಿದ ಬೇರಿಗಿಂತ ಸುತ್ತಲೂ ಒಂದು ಇಂಚು ಜಾಸ್ತಿ ಇದ್ದರೆ ಸಾಕು. ಪಾಪ ಸುಧಾರಿಸಿಕೊಳ್ಳಲಿ ಅಂತ ದೊಡ್ಡ ಕುಂಡದಲ್ಲಿ ಹಾಕಿದರೆ ಹೀರುವವರಿಲ್ಲದ ನೀರು ಮತ್ತೆ ಅಲ್ಲೇ ನಿಲ್ಲುತ್ತದೆ. ಬದಿಗೂ ತೂತು ಇರುವ ಮಣ್ಣಿನ ಕುಂಡ ಸಿಕ್ಕಿದರೆ ಅದು ಬೆಸ್ಟ್. ಗಿಡ ಅಲ್ಲಾಡದ ಹಾಗೆ ಒಂದು ಕೋಲು ಕೊಟ್ಟು ಕಟ್ಟಿ, ಅಲ್ಲಾಡುವ ಗಿಡ ಹೊಸ ಬೇರು ಹಿಡಿಯುವುದಿಲ್ಲ. ಇದ್ದ ಬೇರು ಅರ್ಧಕ್ಕೆ ಇಳಿದಿದ್ದರೆ ಹಳೆಯ ಎಲೆ ಒಂದೆರಡನ್ನೂ, ಹೂಗಳನ್ನೆಲ್ಲವನ್ನೂ ತೆಗೆದುಬಿಡಿ. ಹೂ ಕತ್ತರಿಸಲು ಅಮ್ಮ ಒಪ್ಪಲೇ ಇಲ್ಲ, ಅವರು ಮಧ್ಯಾಹ್ನ ಮಲಗಿದಾಗ ನಾನೇ ಕತ್ತರಿಸಿದೆ.

ಪ್ಲಾಸ್ಟಿಕ್ ಕವರ್ ಮುಚ್ಚಿ ತೇವ ಉಳಿಸಿ ಅಂತ ಸಲಹೆ ಕೊಡುವವರು ಇದ್ದಾರೆ. ಒಣ ಊರಿನವರಿಗೆ ಅದು ಸರಿ. ಮಳೆಗಾಲದ ಕೊಡಗಿನಲ್ಲಿ ಗಾಳಿಯೇ ಒದ್ದೆ ಬಟ್ಟೆ, ಮೇಲೆ ಕವರ್ ಬೇರೆ ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ. ಇರಚಲು ತಾಗದ, ಗಾಳಿ ಆಡುವ, ಬೆಳಕು ಇರುವ ಜಾಗ ಸಾಕು.

ಮೈಲುತುತ್ತ, ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣದ ವಿಷಯಕ್ಕೆ ಬರೋಣ. ಮೆಣಸಿಗೆ ಹೊಡೆದು ಡ್ರಮ್ಮಿನಲ್ಲಿ ಉಳಿದದ್ದನ್ನು ವರಾಂಡದ ಗಿಡಕ್ಕೂ ಹೊಡೆಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಎಲೆಗೆ ಹೊಡೆದರೆ ಕೊಳೆತ ಬೇರು ವಾಸಿಯಾಗುವುದಿಲ್ಲ. ಅದಕ್ಕಿಂತ ಮುಖ್ಯ, ಅದರಲ್ಲಿರುವ ತಾಮ್ರ ಆಂಥೂರಿಯಂ ಎಲೆಯನ್ನು ಸುಡಬಹುದು. ರೋಗದ ಶಿಲೀಂಧ್ರಗಳನ್ನು ತಡೆಯುವ ಟ್ರೈಕೋಡರ್ಮಾ ಮನೆಯಲ್ಲಿದ್ದರೆ ಎಲೆಗೊಬ್ಬರದ ಜೊತೆ ಸ್ವಲ್ಪ ಬೆರೆಸಬಹುದು, ತಾಮ್ರದ ಜೊತೆ ಬೇಡ, ಏಕೆಂದರೆ ಅದೂ ಒಂದು ಶಿಲೀಂಧ್ರವೇ, ತಾಮ್ರಕ್ಕೆ ಸಾಯುತ್ತದೆ. ಹಾಗೆಯೇ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ. ಕಾಫಿ ನಾಡಿನವರು ಇದನ್ನು ಹೇಳಿದರೆ ಬೇಜಾರಾಗಬಹುದು, ಆದರೂ ಕುಂಡಕ್ಕೆ ಹಾಕಬೇಡಿ. ನುಣ್ಣನೆಯ ಚರಟ ಪದರ ಕಟ್ಟಿ ಸಂದುಗಳನ್ನು ಮುಚ್ಚುತ್ತದೆ. ಕಾಂಪೋಸ್ಟ್ ಗುಂಡಿಗೆ ಹಾಕಿ.

ಬೇರು ಚೆನ್ನಾಗಿದ್ದೂ ಗಿಡ ಸಪ್ಪಗಿದ್ದರೆ

ನನ್ನ ಅಕ್ಕ ಕುಶಾಲನಗರದಲ್ಲಿದ್ದಾಳೆ. ಅಮ್ಮನ ಗಿಡದ್ದೇ ಮರಿ ಒಯ್ದಿದ್ದಳು. ಅವಳದ್ದೂ ಬಾಡಿತು, ಆದರೆ ಕಾರಣ ತದ್ವಿರುದ್ಧ. ಅಲ್ಲಿ ಮಳೆ ನಮಗಿಂತ ಎಷ್ಟೋ ಕಡಿಮೆ, ತಾರಸಿ ಮನೆ, ಫೆಬ್ರವರಿ ಬಿಸಿಲು ಪಶ್ಚಿಮದ ಕಿಟಕಿಯಿಂದ ನೇರ ಎಲೆಗೆ. ಎಲೆಯ ಮಧ್ಯೆ ಬಿಳಿಚಿದ ತೇಪೆ, ಆಮೇಲೆ ಅದೇ ಜಾಗ ಕಾಗದದ ಹಾಗೆ ಒಣಗಿತು. ಅದು ಬಿಸಿಲಿನ ಸುಟ್ಟ ಗಾಯ. ಅವಳ ಕುಂಡ ಎತ್ತಿದರೆ ಹತ್ತಿಯಷ್ಟು ಹಗುರ. ಅಂಥ ಗಿಡಕ್ಕೆ ಕುಂಡವನ್ನೇ ಅರ್ಧ ಗಂಟೆ ಬಕೆಟ್ ನೀರಲ್ಲಿ ಇಟ್ಟು, ಪೂರ್ತಿ ಸೋಸಿ, ಬಿಸಿಲಿಂದ ಎರಡು ಅಡಿ ಹಿಂದೆ ಸರಿಸಿದರೆ ಮುಗಿಯಿತು. ಎಲೆ ತುದಿ ಮಾತ್ರ ಕಂದಾಗಿ ಒಣಗಿದರೆ ಗೊಬ್ಬರದ ಉಪ್ಪು ಅಥವಾ ಬೋರ್‌ವೆಲ್‌ನ ಗಡಸು ನೀರು ಇರಬಹುದು, ಮಳೆನೀರು ಹಿಡಿದು ಕುಂಡದ ತೂತಿನಿಂದ ಚೆನ್ನಾಗಿ ಹರಿದು ಹೋಗುವಷ್ಟು ಒಮ್ಮೆ ಹಾಕಿ ತೊಳೆಯಿರಿ.

ಹಳೇ ಹೆಂಚಿನ ಮನೆಯವರಿಗೆ ಸಮಸ್ಯೆ ಉಲ್ಟಾ, ಒಳಗೆ ಕತ್ತಲು. ಎಲೆ ಕಡು ಹಸಿರಾಗಿ, ತೊಟ್ಟು ಉದ್ದವಾಗಿ, ಹೂವೇ ಬಾರದಿದ್ದರೆ ಬೆಳಕು ಸಾಲದು ಅಂತ ಅರ್ಥ. ಗಾಜಿನ ಹೆಂಚಿನ ಹತ್ತಿರ ಇಡಿ, ಆದರೆ ನೇರ ಕೆಳಗೆ ಬೇಡ. ಬೇಸಿಗೆ ಮಧ್ಯಾಹ್ನ ಅಲ್ಲಿಂದ ಬೀಳುವ ಬಿಸಿಲಿನ ಚೌಕ ಎಲೆಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಗುರುತು ಮಾಡಿಬಿಡುತ್ತದೆ. ಅಂದ ಹಾಗೆ ನಾವು ಹೂ ಅಂತ ಕರೆಯುವ ಆ ಕೆಂಪು ಭಾಗ ನಿಜಕ್ಕೆ ಬಣ್ಣ ಬದಲಿಸಿದ ಎಲೆ, ನಿಜವಾದ ಹೂಗಳು ಮಧ್ಯದ ಕಡ್ಡಿಯ ಮೇಲಿನ ಸಣ್ಣ ಚುಕ್ಕೆಗಳು. ಆ ಕೆಂಪು ತಿಂಗಳಾದ ಮೇಲೆ ಹಸಿರಾದರೆ ರೋಗವಲ್ಲ, ಮುಪ್ಪು.

ಡಿಸೆಂಬರ್, ಜನವರಿ ರಾತ್ರಿ ಮಡಿಕೇರಿ ಕಡೆ ಚಳಿ 10 ಡಿಗ್ರಿ ಆಸುಪಾಸಿಗೆ ಇಳಿದಾಗ ಗಿಡ ಬೆಳೆಯುವುದನ್ನೇ ನಿಲ್ಲಿಸುತ್ತದೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ನನ್ನ ಗಿಡಗಳು ಫೆಬ್ರವರಿಯವರೆಗೆ ಒಂದೂ ಎಲೆ ಬಿಡುವುದಿಲ್ಲ. ಕಿಟಕಿಯಿಂದ ದೂರ ಇಟ್ಟು, ನೀರು ಕಡಿಮೆ ಮಾಡಿ, ಸುಮ್ನೆ ಬಿಡಿ.

ಎಲೆ ತೊಟ್ಟಿನ ಸಂದಿನಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಜೊತೆಗೆ ಇರುವೆ ಸಾಲನ್ನೂ ನಿಲ್ಲಿಸಬೇಕು, ಕಾಫಿ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲೆಯಲ್ಲಿ ರಾತ್ರೋರಾತ್ರಿ ದೊಡ್ಡ ತೂತು ಬಿದ್ದರೆ ಬಸವನಹುಳು. ಟಾರ್ಚ್ ಹಿಡಿದು ಒಂಬತ್ತು ಗಂಟೆಗೆ ಹೋಗಿ ಹೆಕ್ಕಿ, ಜಿಗಣೆ ಹತ್ತದ ಹಾಗೆ ಚಪ್ಪಲಿ ಬದಲು ಬೂಟು ಹಾಕಿಕೊಂಡು.

ಒಂದು ರೋಗಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ, ಯಾರ ಹತ್ತಿರವೂ ಇಲ್ಲ. ಎಲೆಯ ಅಂಚಿನ ಹತ್ತಿರ, ಹಿಂಬದಿಯಿಂದ ನೋಡಿದರೆ ನೀರಲ್ಲಿ ನೆನೆದಂಥ ಚುಕ್ಕೆಗಳು, ಸುತ್ತ ಹಳದಿ ಅಂಚು, ಮಧ್ಯ ಕಂದಾಗಿ ಸಾಯುತ್ತದೆ, ಆಮೇಲೆ ಹಳೆಯ ಎಲೆಗಳೂ ಹಳದಿಯಾಗಿ ತೊಟ್ಟು ಸಮೇತ ಕಳಚುತ್ತವೆ. ಇದು ಕ್ಸಾಂಥೋಮೊನಾಸ್ ಬ್ಯಾಕ್ಟೀರಿಯಾದ ಅಂಗಮಾರಿ. 1980ರ ದಶಕದಲ್ಲಿ ಹವಾಯಿ ದ್ವೀಪಗಳ ಆಂಥೂರಿಯಂ ತೋಟಗಳನ್ನು ನೆಲಕಚ್ಚಿಸಿದ್ದು ಇದೇ. ಸಿಡಿಯುವ ನೀರಿನಿಂದ, ಒರೆಸದ ಕತ್ತಿಯಿಂದ ಪಕ್ಕದ ಗಿಡಕ್ಕೆ ದಾಟುತ್ತದೆ. ಹೀಗೆ ಕಂಡರೆ ಗಿಡವನ್ನು ಕುಂಡದ ಮಣ್ಣಿನ ಸಮೇತ ಸುಟ್ಟುಬಿಡಿ ಅಥವಾ ದೂರ ಆಳವಾಗಿ ಹೂಳಿ. ಕಾಂಪೋಸ್ಟ್‌ಗೆ ಬೇಡ, ಕೆಸುವಿನ ಗಿಡಗಳ ಹತ್ತಿರವಂತೂ ಬೇಡವೇ ಬೇಡ.

ಆಮೇಲಿನ ದಿನಗಳು

ರಿಪೇರಿ ಮಾಡಿದ ಗಿಡ ಮೊದಲ ಎರಡು ವಾರ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಒಂದೆರಡು ಎಲೆ ಹೋಗುತ್ತವೆ. ಜೋತು ಬಿದ್ದ ಹಳೆಯ ಎಲೆ ಮತ್ತೆ ಎದ್ದು ನಿಲ್ಲುತ್ತದೆ ಅಂತ ಕಾಯಬೇಡಿ, ಅದನ್ನು ನೋಡಿ ತೀರ್ಪು ಕೊಡಲೂ ಬೇಡಿ. ನೋಡಬೇಕಾದದ್ದು ಕಾಂಡದ ತುದಿ. ಅದು ಹಸಿರಾಗಿ ಗಟ್ಟಿಯಾಗಿದ್ದರೆ ಕೆಲಸ ಒಳಗೆ ನಡೆಯುತ್ತಿದೆ. ನನಗೆ ಮೊದಲ ಬಿಳಿ ಬೇರಿನ ತುದಿ ಇದ್ದಿಲ ಚೂರಿನ ಪಕ್ಕದಲ್ಲಿ ಕಂಡದ್ದು ಸೆಪ್ಟೆಂಬರ್ ಶುರುವಿನ ಕೈಲ್ ಪೊಳ್ದ್ ಹಬ್ಬದ ವಾರ, ನೆಟ್ಟು ಸುಮಾರು ಐದು ವಾರಕ್ಕೆ. ಹೊಸ ಎಲೆಯ ಸುರುಳಿ ಬಂದದ್ದು ಅಕ್ಟೋಬರ್‌ನಲ್ಲಿ.

ಆ ಸುರುಳಿ ಬಿಚ್ಚುವವರೆಗೆ ಗೊಬ್ಬರ ಹಾಕಲಿಲ್ಲ. ಬಿಚ್ಚಿದ ಮೇಲೆ ಪೊಟ್ಟಣದಲ್ಲಿ ಬರೆದದ್ದರ ಕಾಲು ಭಾಗ, ತಿಂಗಳಿಗೊಮ್ಮೆ. ನೀರು, ಕುಂಡ ಎತ್ತಿ ನೋಡಿ ಹಗುರ ಅನ್ನಿಸಿದಾಗ ಮಾತ್ರ, ಹಾಕಿದರೆ ತೂತಿನಿಂದ ಹರಿಯುವಷ್ಟು. ದಿನಾ ಅರ್ಧ ಲೋಟ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ, ಏಪ್ರಿಲ್‌ನಲ್ಲಿ ಅದು ಸಾಲದು, ಜುಲೈಯಲ್ಲಿ ಜಾಸ್ತಿ.

ಈಗ ಆ ಗಿಡದಲ್ಲಿ ಐದು ಎಲೆ, ಒಂದು ಮೊಗ್ಗು. ಮೋಟಿನಿಂದ ಎರಡು ಮರಿ ಬೇರೆ ಬಂದಿವೆ, ಒಂದನ್ನು ಅಕ್ಕನಿಗೆ ಕೊಟ್ಟೆ. ಅಮ್ಮ ಇನ್ನೂ ಬೆಳಿಗ್ಗೆ ಎದ್ದ ಕೂಡಲೇ ಚೊಂಬು ಹಿಡಿದು ವರಾಂಡಕ್ಕೆ ಬರುತ್ತಾರೆ. ಅದಕ್ಕೇ ಆ ಒಂದು ಕುಂಡವನ್ನು ಅವರ ಕೈಗೆ ಎಟುಕದ ಎತ್ತರದ ತೊಲೆಗೆ ತಂತಿ ಕಟ್ಟಿ ನೇತುಹಾಕಿದ್ದೇನೆ.